ಬಟ್ಟೆಯ ಬೀರು: ಇಟ್ಟುಕೊಳ್ಳತಕ್ಕದ್ದೂ ಬಿಟ್ಟುಕೊಡತಕ್ಕದ್ದೂ

ಅಡಿಗೆಮನೆಯ ಡಬ್ಬಿಗಳನ್ನು ಗೃಹಿಣಿಯು ದಿನಕ್ಕೆ ಹತ್ತು ಸಲ ತೆರೆಯುವಳು. ಆದುದರಿಂದ ಯಾವ ಧಾನ್ಯ ಮುಗಿಯಿತು, ಯಾವುದಕ್ಕೆ ಹುಳು ಹಿಡಿಯಿತು ಎಂಬುದು ಅವಳಿಗೆ ಒಡನೆಯೇ ತಿಳಿದುಬರುವುದು. ಬಟ್ಟೆಯ ಬೀರಿನ ಸಂಗತಿ ಬೇರೆ. ಅದರ ಮುಂದಿನ ಸಾಲಿನ ಹತ್ತು ಹದಿನೈದು ಉಡುಪುಗಳು ನಿತ್ಯವೂ ಕೈಗೆ ಬರುವುವು. ಹಿಂದಿನ ಸಾಲಿನವು ವರ್ಷಗಟ್ಟಲೆ ಬೆಳಕನ್ನು ಕಾಣುವುದಿಲ್ಲ. ಬಾಗಿಲನ್ನು ಮುಚ್ಚಿ ಬೀಗ ಹಾಕಿದೊಡನೆ ಎಲ್ಲವೂ ಕ್ಷೇಮವಾಗಿದೆಯೆಂದು ನಾವು ಭಾವಿಸುವೆವು. ಒಳಗಾದರೋ ತೇವ, ಹುಳು, ಬೂಷ್ಟು, ಮಡಿಕೆಯ ಒತ್ತಡ ಎಂಬ ನಾಲ್ಕು ಶತ್ರುಗಳು ಸದ್ದಿಲ್ಲದೆ ತಮ್ಮ ಕೆಲಸವನ್ನು ನಡೆಸುತ್ತಿರುವುವು. ಮಗಳ ಮದುವೆಗೆಂದು ಇಪ್ಪತ್ತು ವರ್ಷ ಜೋಪಾನವಾಗಿಟ್ಟ ಸೀರೆಯನ್ನು ಬಿಡಿಸಿ ನೋಡಿದಾಗ ಅದು ಮಡಿಕೆ ಮಡಿಕೆಯಲ್ಲಿಯೂ ಸೀಳಿರುವುದನ್ನು ಕಂಡು ಕಣ್ಣೀರಿಟ್ಟ ತಾಯಂದಿರು ನಮ್ಮಲ್ಲಿ ಇಲ್ಲದಿಲ್ಲ.

ಹೀಗಿರುವುದರಿಂದ ಬೀರಿನಲ್ಲಿ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಟ್ಟುಕೊಡಬೇಕು ಎಂಬ ಪ್ರಶ್ನೆಯು ಮನೆಯ ಹಣಕ್ಕೂ, ಮನೆತನದ ನೆನಪಿಗೂ, ನೆರೆಯವರ ಅಗತ್ಯಕ್ಕೂ ಸಂಬಂಧಪಟ್ಟದ್ದಾಗಿದೆ. ಹೊಲಿಗೆಯ ತರಗತಿಯಲ್ಲಿ ಗುಂಡಿ ಹಚ್ಚಲೂ ತೇಪೆ ಹಾಕಲೂ ಕಲಿತ ಹಳೆಯ ವಿದ್ಯಾರ್ಥಿನಿಯರಿಗೂ, ಬೆಳೆಯುವ ಮಕ್ಕಳಿಗೆ ವರ್ಷ ವರ್ಷವೂ ಸಮವಸ್ತ್ರ ಹೊಲಿಸುವ ತಂದೆತಾಯಂದಿರಿಗೂ ಇದು ಪರಿಚಿತವಾದ ವಿಷಯವೇ. ಆದರೂ ಅದನ್ನು ಕ್ರಮವಾಗಿ ವಿಚಾರಿಸಿದವರು ಕಡಿಮೆ. ಈ ಪಾಠದ ತಾತ್ಪರ್ಯವನ್ನು ಮೊದಲೇ ಹೇಳಿಬಿಡುವುದು ಮೇಲು: ಒಂದು ವಸ್ತ್ರವನ್ನು ಇಟ್ಟುಕೊಳ್ಳುವುದೆಂದರೆ ಅದರ ಆರೈಕೆಯ ಹೊಣೆಯನ್ನು ಹೊರುವುದು. ನಾವು ಎಷ್ಟನ್ನು ಆರೈಕೆಮಾಡಬಲ್ಲೆವೋ ಅಷ್ಟನ್ನೇ ಇಟ್ಟುಕೊಳ್ಳತಕ್ಕದ್ದು. ಮಿಕ್ಕದ್ದು ಗಟ್ಟಿಯಾಗಿರುವಾಗಲೇ ಬೇರೆಯವರ ಕೈಯನ್ನು ಸೇರತಕ್ಕದ್ದು.

ಬೀರು ತುಂಬುವುದು ಹೇಗೆ?

ಬೀರು ಒಂದೇ ದಿನದಲ್ಲಿ ತುಂಬುವುದಿಲ್ಲ. ಅದಕ್ಕೆ ಹಲವು ಕಾರಣಗಳುಂಟು. ಅವುಗಳನ್ನು ತಿಳಿಯದೆ ಬರಿದೇ ಬಟ್ಟೆಗಳನ್ನು ಹೊರಹಾಕಿದರೆ, ಆರು ತಿಂಗಳಲ್ಲಿ ಬೀರು ಪುನಃ ಮೊದಲಿನಂತೆಯೇ ಆಗುವುದು.

ಮೊದಲನೆಯದು, ಹಿರಿಯರಿಂದ ಬಂದ ಅಭ್ಯಾಸ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದಲ್ಲಿ ಬಟ್ಟೆಯ ಅಭಾವವು ತೀವ್ರವಾಗಿ, 1943ರಲ್ಲಿ ಸರಕಾರವು ಹತ್ತಿಯ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣದ ಆಜ್ಞೆಯನ್ನು ಹೊರಡಿಸಬೇಕಾಯಿತು. ಆ ಕಾಲವನ್ನು ಕಂಡವರು ಒಂದು ಗೇಣು ಅರಿವೆಯನ್ನೂ ಎಸೆಯಲಿಲ್ಲ. ಅವರ ನಡತೆ ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಏಕೆಂದರೆ ಅವರು ಇಟ್ಟುಕೊಂಡದ್ದನ್ನೆಲ್ಲ ಉಪಯೋಗಿಸಿದರು. ಉಟ್ಟು ಹಳೆಯದಾದ ಸೀರೆಯು ಮಗುವಿನ ತೊಟ್ಟಿಲಿಗೆ ಹೋಯಿತು, ಬಳಿಕ ಹೊದಿಕೆಯೊಳಕ್ಕೆ ಸೇರಿತು, ಕಟ್ಟಕಡೆಗೆ ನೆಲ ಒರೆಸುವ ಅರಿವೆಯಾಯಿತು. ನಾವಾದರೋ ಅವರ ಕೂಡಿಡುವಿಕೆಯನ್ನು ಉಳಿಸಿಕೊಂಡು, ಅವರ ಉಪಯೋಗಿಸುವಿಕೆಯನ್ನು ಮರೆತಿದ್ದೇವೆ.

ಎರಡನೆಯದು, ಉಡುಗೊರೆ. ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲಿ ಬಂದ ಸೀರೆಗಳು ಕೊಟ್ಟವರ ಇಚ್ಛೆಯಂತೆ ಇರುವುವೇ ಹೊರತು ಉಡುವವರ ಇಚ್ಛೆಯಂತಲ್ಲ. ತಾಂಬೂಲದೊಡನೆ ಬರುವ ರವಿಕೆಯ ಕಣಗಳಂತೂ ಹೊಲಿಸಲ್ಪಡದೆ ಒಂದರ ಮೇಲೊಂದು ಬೆಳೆಯುವುವು. ಮೂರನೆಯದು, ಬೆಲೆಯ ಚಿಂತೆ. "ಇಷ್ಟು ದುಡ್ಡು ಕೊಟ್ಟು ತಂದದ್ದಲ್ಲವೇ?" ಎಂದು ಹೊಂದದ ಉಡುಪನ್ನೂ ಬಿಡಲಾರೆವು. ಕೊಟ್ಟ ಹಣವು ಅಂಗಡಿಯಲ್ಲಿಯೇ ಉಳಿಯಿತು. ಉಡುಪನ್ನು ಬೀರಿನಲ್ಲಿ ಬಂಧಿಸಿಟ್ಟರೆ ಅದು ಹಿಂದಿರುಗಿ ಬಾರದು. ನಾಲ್ಕನೆಯದು, ಮೈಯ ಮಾರ್ಪಾಟು. ಹತ್ತು ವರ್ಷದ ಹಿಂದಿನ ರವಿಕೆಯನ್ನು "ತೆಳ್ಳಗಾದ ಮೇಲೆ ತೊಡುವೆನು" ಎಂದು ಇಟ್ಟುಕೊಳ್ಳುವವರು ಬಹಳ ಮಂದಿ. ಐದನೆಯದು ಎಲ್ಲಕ್ಕಿಂತಲೂ ಬಲವಾದದ್ದು, ನೆನಪು. ಅದನ್ನು ಪ್ರತ್ಯೇಕವಾಗಿ ವಿಚಾರಿಸುವೆವು.

ಒಂದು ಚಿಕ್ಕ ಲೆಕ್ಕ

ಗಣಿತದ ಪಾಠವನ್ನು ಬಟ್ಟೆಯ ಬೀರಿಗೂ ಅನ್ವಯಿಸಬಹುದು. ಒಬ್ಬಾಕೆಯ ಬಳಿ 40 ರೇಷ್ಮೆಸೀರೆಗಳಿವೆಯೆಂದು ಇಟ್ಟುಕೊಳ್ಳೋಣ. ವರ್ಷದಲ್ಲಿ ರೇಷ್ಮೆಯನ್ನುಡುವ ಸಂದರ್ಭಗಳು 10 ಎಂದಾದರೆ, ಪ್ರತಿಯೊಂದು ಸೀರೆಯ ಸರದಿ ನಾಲ್ಕು ವರ್ಷಕ್ಕೊಮ್ಮೆ ಬರುವುದು. ವರ್ಷಕ್ಕೆ ನಾಲ್ಕರಂತೆ ಹೊಸವನ್ನು ಕೊಂಡರೆ ಐದು ವರ್ಷಗಳಲ್ಲಿ ಸೀರೆಗಳು 60 ಆಗುವುವು. ಆಗ ಸರದಿ ಆರು ವರ್ಷಕ್ಕೊಮ್ಮೆ. ವಾಸ್ತವವಾಗಿ ಹೀಗೆ ಸರದಿಯೂ ನಡೆಯದು. ಮೆಚ್ಚಿದ ಎಂಟು ಸೀರೆಗಳನ್ನೇ ಪದೇ ಪದೇ ಉಟ್ಟು, ಉಳಿದವನ್ನು ಮುಟ್ಟದಿರುವುದೇ ವಾಡಿಕೆ.

ಇನ್ನು ಆರೈಕೆಯ ಲೆಕ್ಕ. ರೇಷ್ಮೆಸೀರೆಯನ್ನು ವರ್ಷಕ್ಕೆ ಮೂರು ಸಲವಾದರೂ ಬಿಡಿಸಿ, ಗಾಳಿಗೆ ಹಾಕಿ, ಮಡಿಕೆಯನ್ನು ಬದಲಿಸಿ ಇಡಬೇಕು. ಒಂದಕ್ಕೆ ಹತ್ತು ನಿಮಿಷ ಹಿಡಿದರೆ, 40 ಸೀರೆಗಳಿಗೆ ವರ್ಷಕ್ಕೆ 1,200 ನಿಮಿಷ, ಅಂದರೆ 20 ಗಂಟೆಗಳು ಬೇಕು. 15 ಸೀರೆಗಳಾದರೆ ಏಳೂವರೆ ಗಂಟೆ ಸಾಕು. ಇಪ್ಪತ್ತು ಗಂಟೆಗಳನ್ನು ಇದಕ್ಕಾಗಿ ತೆಗೆದಿಡಬಲ್ಲ ಗೃಹಿಣಿಯು ನಲವತ್ತನ್ನೂ ಸಂತೋಷವಾಗಿ ಇಟ್ಟುಕೊಳ್ಳಲಿ. ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ದುಡಿದು ಸಂಜೆ ಮನೆಗೆ ಬರುವವಳಿಗೆ ಅಷ್ಟು ಬಿಡುವು ದೊರೆಯುವುದು ಕಷ್ಟ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಹಣಕ್ಕೆ ಸಲ್ಲುವಂತೆ ಬಿಡುವಿಗೂ ಸಲ್ಲುತ್ತದೆ.

ಶೋಧನೆಯ ದಿನ

ಬೀರನ್ನು ಶೋಧಿಸಲು ವರ್ಷದಲ್ಲಿ ಎರಡು ಕಾಲಗಳು ತಕ್ಕವು: ಮಳೆ ಹಿಡಿಯುವುದಕ್ಕೆ ಮುಂಚಿನ ಏಪ್ರಿಲ್ ಮೇ ತಿಂಗಳುಗಳು, ಮಳೆ ಬಿಟ್ಟ ಮೇಲಿನ ಅಕ್ಟೋಬರ್ ನವೆಂಬರ್ ತಿಂಗಳುಗಳು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ವಾಸಿಸುವವರು ಈ ಎರಡನ್ನೂ ತಪ್ಪಿಸಕೂಡದು. ಗಾಳಿಯ ತೇವಾಂಶವು ನೂರಕ್ಕೆ ಸುಮಾರು 70ನ್ನು ಮೀರಿ ಬಹುದಿನ ನಿಂತರೆ ಬಟ್ಟೆಯ ಮೇಲೆ ಬೂಷ್ಟು ಬೆಳೆಯಲು ಅನುಕೂಲವಾಗುವುದು. ಅಲ್ಲಿಯ ಮಳೆಗಾಲದಲ್ಲಿ ತೇವವು ಇದನ್ನು ಮೀರಿಯೇ ಇರುವುದು.

ಒಂದು ದಿನಕ್ಕೆ ಒಬ್ಬರ ಬಟ್ಟೆಗಳನ್ನು ಮಾತ್ರ ತೆಗೆದುಕೊಳ್ಳಬೇಕು. ನೆಲದ ಮೇಲೆ ಒಗೆದ ಜಮಖಾನವನ್ನು ಹಾಸಿ, ಬೀರು, ಪೆಟ್ಟಿಗೆ, ಮಂಚದ ಕೆಳಗಿನ ಟ್ರಂಕು ಇವುಗಳಲ್ಲಿ ಇರುವುದನ್ನೆಲ್ಲ ಒಂದೇ ಕಡೆ ಹರಡಬೇಕು. ಜಪಾನ್ ದೇಶದ ಮರೀ ಕೊಂಡೊ ಎಂಬ ಮಹಿಳೆಯು 2011ರಲ್ಲಿ ಪ್ರಕಟಿಸಿದ, ಅನಂತರ ಅನೇಕ ಭಾಷೆಗಳಿಗೆ ಪರಿವರ್ತಿತವಾದ ಪುಸ್ತಕದಲ್ಲಿ ಈ ಕ್ರಮವನ್ನೇ ಬೋಧಿಸಿದ್ದಾರೆ. ಎಲ್ಲವನ್ನೂ ಒಟ್ಟಿಗೆ ಕಂಡ ಹೊರತು ನಮ್ಮಲ್ಲಿ ಎಷ್ಟಿದೆಯೆಂಬುದು ಮನಸ್ಸಿಗೆ ನಾಟುವುದಿಲ್ಲವಷ್ಟೆ. ಒಂದೊಂದನ್ನೂ ಕೈಯಲ್ಲಿ ಹಿಡಿದು, ಸಂತೋಷವನ್ನು ಕೊಡುವಂಥದನ್ನು ಮಾತ್ರ ಇಟ್ಟುಕೊಳ್ಳಬೇಕೆಂಬುದು ಅವರ ಮುಂದಿನ ಸೂತ್ರ. ನಮ್ಮ ಮನೆಗಳಿಗೆ ಈ ಒಂದು ಅಳತೆ ಸಾಲದು. ಮಳೆಗಾಲದ ಕೋಟಿಗೂ ಕಂಬಳಿಗೂ ಸಂತೋಷವನ್ನು ಕೊಡುವ ಶಕ್ತಿಯಿರಲಿಕ್ಕಿಲ್ಲ. ಆದರೂ ಅವು ಬೇಕು. ಕಣ್ಣಿಗೆ ಸಂತೋಷವನ್ನೀಯುವ ಎಷ್ಟೋ ಸೀರೆಗಳು ಉಡುವವರಿಲ್ಲದೆ ಜೀರ್ಣವಾಗುತ್ತಿರುವುವು. ಆದುದರಿಂದ ಪ್ರತಿಯೊಂದು ವಸ್ತ್ರವನ್ನೂ ಈ ನಾಲ್ಕು ಪ್ರಶ್ನೆಗಳಿಂದ ಪರೀಕ್ಷಿಸುವುದು ಒಳ್ಳೆಯದು.

1. ಕಳೆದ ಒಂದು ವರ್ಷದಲ್ಲಿ ಇದನ್ನು ಉಟ್ಟದ್ದುಂಟೆ? ಒಂದು ವರ್ಷದಲ್ಲಿ ಎಲ್ಲ ಋತುಗಳೂ ಬಂದುಹೋಗುವುವು. ಹಬ್ಬ ಮದುವೆಗಳ ಉಡುಪಿಗೆ ಮೂರು ವರ್ಷಗಳ ಅವಧಿಯನ್ನು ಕೊಡಬಹುದು.

2. ನನ್ನ ಈಗಿನ ಮೈಗೂ ಈಗಿನ ಕೆಲಸಕ್ಕೂ ಇದು ಹೊಂದುವುದೆ? ಹಿಂದೆ ಇದ್ದ ಮೈಗಾಗಲಿ ಮುಂದೆ ಬಂದೀತೆಂಬ ಮೈಗಾಗಲಿ ಬಟ್ಟೆ ಇಡತಕ್ಕದ್ದಲ್ಲ.

3. ಹರಿದಿದ್ದರೆ, ಗುಂಡಿ ಬಿದ್ದಿದ್ದರೆ, ಹೊಲಿಗೆ ಬಿಟ್ಟಿದ್ದರೆ, ಒಂದು ತಿಂಗಳೊಳಗಾಗಿ ಸರಿಮಾಡುವೆನೆ? ಮಾಡದಿದ್ದರೆ ಎಂದೆಂದಿಗೂ ಮಾಡಲಾರೆವೆಂದೇ ತಿಳಿಯಬೇಕು.

4. ಇದನ್ನು ಒಗೆದು, ಒಣಗಿಸಿ, ಮಡಿಕೆ ಬದಲಿಸಿ ಕಾಪಾಡುವಷ್ಟು ಇದರ ಮೇಲೆ ನನಗೆ ಮಮತೆಯುಂಟೆ?

ಈ ಪರೀಕ್ಷೆಯಿಂದ ಬಟ್ಟೆಗಳು ಐದು ರಾಶಿಗಳಾಗುವುವು: ಉಡತಕ್ಕವು, ಸರಿಮಾಡತಕ್ಕವು, ಕೊಡತಕ್ಕವು, ಚಿಂದಿಯಾಗತಕ್ಕವು, ನೆನಪಿನವು. ಸಂದೇಹವಾದವನ್ನು ಒಂದು ಚೀಲದಲ್ಲಿ ಕಟ್ಟಿ, ಮೇಲೆ ತಾರೀಖನ್ನು ಬರೆದಿಟ್ಟು, ಮುಂದಿನ ಶೋಧನೆಯ ತನಕ ಕಾಯಬಹುದು. ಅಷ್ಟರಲ್ಲಿ ಅದನ್ನು ಬಿಚ್ಚುವ ಸಂದರ್ಭವೇ ಬಾರದಿದ್ದರೆ ಉತ್ತರವು ತಾನಾಗಿಯೇ ದೊರೆಯಿತು. ಬೀರು ಬರಿದಾದಾಗ ಅದರ ಮೂಲೆಗಳನ್ನೂ ಹಲಗೆಗಳ ಸಂದುಗಳನ್ನೂ ಒಣಬಟ್ಟೆಯಿಂದ ಒರೆಸಿ, ಬಾಗಿಲು ತೆರೆದು ಅರ್ಧ ದಿನ ಗಾಳಿಯಾಡಲು ಬಿಡಬೇಕು.

ನೆನಪಿನ ವಸ್ತ್ರಗಳು

ತಾಯಿಯ ಧಾರೆಯ ಸೀರೆ, ತಂದೆಯ ಶಾಲು, ಮಗುವಿನ ಮೊದಲನೆಯ ಅಂಗಿ, ಇವುಗಳ ಮುಂದೆ ಮೇಲಿನ ಪ್ರಶ್ನೆಗಳು ನಿಲ್ಲಲಾರವು, ನಿಲ್ಲಬೇಕಾಗಿಯೂ ಇಲ್ಲ. ಮನೆತನದ ಚರಿತ್ರೆಯು ಕಾಗದಪತ್ರಗಳಲ್ಲಿರುವಂತೆ ಬಟ್ಟೆಗಳಲ್ಲಿಯೂ ಇರುತ್ತದೆ. ಆದರೆ ತಾಯಿಯು ಬಿಟ್ಟುಹೋದ ಮೂವತ್ತು ಸೀರೆಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಅಟ್ಟಕ್ಕೇರಿಸಿದರೆ, ಆಕೆಯ ನೆನಪನ್ನು ಇಲಿಗಳಿಗೆ ಒಪ್ಪಿಸಿದಂತಾಗುವುದು. ಅವುಗಳಲ್ಲಿ ಆಕೆಯನ್ನು ಹೆಚ್ಚಾಗಿ ನೆನಪಿಗೆ ತರುವ ಎರಡು ಮೂರನ್ನು ಆರಿಸಿ, ಅವನ್ನು ಆಗಾಗ್ಗೆ ಉಡುವುದೇ ನಿಜವಾದ ಗೌರವ. ಪ್ರತಿಯೊಂದಕ್ಕೂ ಬಿಳಿಯ ಅರಿವೆಯ ಒಂದು ಪಟ್ಟಿಯನ್ನು ಸಡಿಲವಾಗಿ ಹೊಲಿದು, ಇದು ಯಾರದು, ಯಾವ ವರ್ಷದ್ದು, ಯಾವ ಸಂದರ್ಭದ್ದು ಎಂದು ಅಳಿಸದ ಶಾಯಿಯಲ್ಲಿ ಬರೆದರೆ ಮೊಮ್ಮಕ್ಕಳಿಗೂ ಅದರ ಅರ್ಥ ತಿಳಿಯುವುದು. ಹೆಸರಿಲ್ಲದ ಹಳೆಯ ಸೀರೆಯು ಮೂರನೆಯ ತಲೆಮಾರಿಗೆ ಬರಿಯ ಹಳೆಯ ಸೀರೆಯಷ್ಟೆ.

ಇಡೀ ವಸ್ತ್ರವು ಉಳಿಯದಿದ್ದಾಗ ಅದರ ಉತ್ತಮಭಾಗವನ್ನು ಉಳಿಸಬಹುದು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಕುಣಿಕೆಗಳಿಂದ ಒಂದಕ್ಕೊಂದು ಸೇರಿಸಿ ನೇಯುವರು. ಇದಕ್ಕೆ ತೋಪುತೆನೆಯ ಸೆರಗೆಂದು ಹೆಸರು. ಹತ್ತಿಯ ಒಡಲು ಸವೆದುಹೋದರೂ ಸೆರಗು ಎಷ್ಟೋ ವೇಳೆ ಗಟ್ಟಿಯಾಗಿಯೇ ಇರುವುದು. ಅದರ ಮೇಲೆ ಧಾರವಾಡ ಸೀಮೆಯ ಕಸೂತಿಯಿದ್ದರಂತೂ ಅದನ್ನು ಚಿಂದಿಗೆ ಹಾಕುವುದು ದೊಡ್ಡ ನಷ್ಟ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ, ಬಟ್ಟೆಯ ಎಳೆಗಳನ್ನು ಎಣಿಸುತ್ತ, ದಾರಕ್ಕೆ ಗಂಟು ಹಾಕದೆ ತೆಗೆದ ಕೆಲಸವದು. ಅಂಥ ಭಾಗವನ್ನು ಕತ್ತರಿಸಿ, ಹಿಂಬದಿಗೆ ಹಳೆಯ ಮೆತ್ತನೆಯ ಹತ್ತಿಬಟ್ಟೆಯನ್ನು ಕೊಟ್ಟು ಚೌಕಟ್ಟಿನಲ್ಲಿಡಬಹುದು. ಇಲ್ಲವೆ ಹೊಸ ರವಿಕೆಗೆ ಜೋಡಿಸಬಹುದು.

ಹರಕುಗಳನ್ನು ಕೂಡಿಸಿ ನೆನಪನ್ನು ಉಳಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಕೌದಿಯನ್ನು ಕಾಣದವರು ಯಾರು? ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿರಿಸಿ, ಉದ್ದಕ್ಕೂ ಕೈಹೊಲಿಗೆ ಹಾಕಿದ ಹೊದಿಕೆಯಿದು. ಅಜ್ಜಿಯ ಸೀರೆ, ಅವ್ವನ ಕುಪ್ಪಸ, ಮಕ್ಕಳ ಅಂಗಿ ಎಲ್ಲವೂ ಒಂದೇ ಹೊದಿಕೆಯಲ್ಲಿ ಕೂಡಿ ಮುಂದಿನ ಕೂಸನ್ನು ಬೆಚ್ಚಗಿಡುವುವು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಗಳಲ್ಲಿ ನೆಲಸಿರುವ, ಆಫ್ರಿಕಾ ಮೂಲದವರಾದ ಸಿದ್ದಿ ಜನಾಂಗದ ಸ್ತ್ರೀಯರು ಇಂಥ ಹೊದಿಕೆಗಳನ್ನು ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಸುತ್ತಿ ಸುತ್ತಿ ಹೊಲಿಯುವರು. ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೂವುಗಳನ್ನಿಡುವರು. ಆ ಹೂವಿಲ್ಲದ ಹೊದಿಕೆಯು ಅವರ ಕಣ್ಣಿಗೆ ಅಪೂರ್ಣ. ಮಡಿದವರ ಬಟ್ಟೆಗಳನ್ನು ಏನು ಮಾಡುವುದೆಂದು ತಿಳಿಯದೆ ದುಃಖಿಸುವ ಮನೆಗೆ ಒಂದು ಕೌದಿಯು ಒಳ್ಳೆಯ ಉತ್ತರವಾಗಬಲ್ಲದು.

ಇಟ್ಟುಕೊಂಡದ್ದನ್ನು ಕಾಪಾಡುವ ಬಗೆ

ಆರಿಸಿ ಇಟ್ಟುಕೊಂಡ ಮೇಲೆ ಹೊಣೆ ಆರಂಭವಾಗುವುದು. ಇದರ ಮುಖ್ಯ ನಿಯಮಗಳು ಇಷ್ಟು.

ಬಟ್ಟೆಯನ್ನು ಶುಚಿಮಾಡದೆ ಒಳಗಿಡಬಾರದು. ಬೆವರೂ ಅನ್ನದ ಕಲೆಯೂ ಹುಳುಗಳಿಗೆ ಆಹ್ವಾನವಿತ್ತಂತೆ. ಉಣ್ಣೆಯನ್ನೂ ರೇಷ್ಮೆಯನ್ನೂ ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳು. ಕಲೆಯಾದ ಭಾಗವೇ ಅದಕ್ಕೆ ಹೆಚ್ಚು ಇಷ್ಟ. ಪುಸ್ತಕಗಳಲ್ಲಿಯೂ ಕಾಣಸಿಗುವ ಬೆಳ್ಳಿಬಣ್ಣದ ರೆಕ್ಕೆಯಿಲ್ಲದ ಹುಳುವು ಗಂಜಿಯನ್ನು ತಿನ್ನಬಯಸಿ ಹತ್ತಿಬಟ್ಟೆಯನ್ನು ಕೆಡಿಸುವುದು. ಆದುದರಿಂದ ಬಹುಕಾಲ ಇಡಬೇಕಾದ ಹತ್ತಿಯ ಸೀರೆಗಳಿಗೆ ಗಂಜಿ ಹಾಕತಕ್ಕದ್ದಲ್ಲ. ಗಂಜಿಯಿಂದ ಬಿರುಸಾದ ಬಟ್ಟೆಯು ಮಡಿಕೆಯಲ್ಲಿ ಬೇಗನೆ ಒಡೆಯುವುದೂ ಉಂಟು.

ಹತ್ತಿಯನ್ನು ಬಿಸಿಲಿನಲ್ಲಿಯೂ ರೇಷ್ಮೆಯನ್ನು ನೆರಳಿನಲ್ಲಿಯೂ ಒಣಗಿಸಬೇಕು. ರೇಷ್ಮೆಯ ಮಡಿಕೆಯನ್ನು ಪ್ರತಿಸಲವೂ ಬೇರೆಡೆಗೆ ಬರುವಂತೆ ಬದಲಿಸಬೇಕು. ಜರಿಯ ಭಾರವುಳ್ಳ ಸೀರೆಯನ್ನು ಬಹುಕಾಲ ತೂಗುಹಾಕಿದರೆ ಎಳೆಗಳು ಸೋಲುವುವು. ಅದನ್ನು ಉರುಳೆಯ ಮೇಲೆ ಸುತ್ತಿಡುವುದು ಉತ್ತಮ. ಶುದ್ಧಜರಿಯೆಂಬುದು ಚಿನ್ನದ ಲೇಪವುಳ್ಳ ಬೆಳ್ಳಿಯ ಎಳೆ. ಗಾಳಿಯಲ್ಲಿರುವ ಗಂಧಕದ ಸಂಸರ್ಗದಿಂದ ಬೆಳ್ಳಿ ಕಪ್ಪಾಗುವಂತೆ ಇದೂ ಕಪ್ಪಾಗುವುದು. ಹಳೆಯ ಬಿಳಿಯ ಪಂಚೆಯನ್ನು ಗಂಜಿಯಿಲ್ಲದೆ ಒಗೆದು, ಅದರಲ್ಲಿ ಸುತ್ತಿಟ್ಟರೆ ಕ್ಷೇಮ. ವೃತ್ತಪತ್ರಿಕೆಯ ಶಾಯಿ ಬಟ್ಟೆಗೆ ಹತ್ತುವುದರಿಂದಲೂ, ಪ್ಲಾಸ್ಟಿಕ್ ಚೀಲವು ತೇವವನ್ನು ಒಳಗೇ ಕಟ್ಟಿಹಾಕುವುದರಿಂದಲೂ ಅವೆರಡನ್ನೂ ವರ್ಜಿಸಬೇಕು.

ನುಸಿಗುಳಿಗೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ನ್ಯಾಫ್ತಲೀನಿನಿಂದ ಮಾಡಿದ ಗುಳಿಗೆಗಳ ಆವಿಯು ಬಟ್ಟೆಯಲ್ಲಿ ನೆಲೆನಿಲ್ಲುವುದು. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟಿದ ಶಿಶುಗಳಿಗೆ ಅಂಥ ಬಟ್ಟೆಯನ್ನು ತೊಡಿಸಿದರೆ ಅಥವಾ ಹೊದಿಸಿದರೆ, ರಕ್ತದ ಕೆಂಪುಕಣಗಳು ಒಡೆದು ತೀವ್ರವಾದ ಕಾಮಾಲೆಯುಂಟಾಗುವ ಅಪಾಯವಿದೆ. ಕೊರತೆಯು ಯಾವ ಮಗುವಿಗಿದೆಯೆಂದು ಹೊರನೋಟಕ್ಕೆ ತಿಳಿಯದು. ಆದುದರಿಂದ ಕೂಸಿನ ಬಟ್ಟೆಗಳ ನಡುವೆಯೂ ಬಾಣಂತಿಯ ಹೊದಿಕೆಗಳ ನಡುವೆಯೂ ಈ ಗುಳಿಗೆಗಳನ್ನು ಇಡಲೇಕೂಡದು. ಒಣಗಿದ ಬೇವಿನೆಲೆ, ಲಾವಂಚದ ಬೇರು ಇವುಗಳನ್ನು ಅರಿವೆಯ ಚಿಕ್ಕ ಚೀಲಗಳಲ್ಲಿ ಹಾಕಿಡುವ ಹಿರಿಯರ ಪದ್ಧತಿ ನಿರಪಾಯವಾದದ್ದು. ಅವು ಹುಳುವನ್ನು ಸ್ವಲ್ಪಮಟ್ಟಿಗೆ ದೂರವಿಡುವುವೇ ವಿನಾ ಒಳಹೊಕ್ಕದ್ದನ್ನು ಕೊಲ್ಲಲಾರವು. ಗಾಳಿಯೂ ಶುಚಿತ್ವವೂ ತಪ್ಪದಿದ್ದರೆ ಮಾತ್ರ ಅವುಗಳಿಂದ ಫಲವುಂಟು.

ಕೊಡುವ ಬಗೆ

ಕೊಡುವುದರಲ್ಲಿ ಎರಡು ವಿಧ. ನಮಗೆ ಬೇಡವಾದದ್ದನ್ನು ಮನೆಯಿಂದ ಹೊರಹಾಕುವುದು ಒಂದು. ಇನ್ನೊಬ್ಬರಿಗೆ ಬೇಕಾದದ್ದನ್ನು ಅವರಿಗೆ ತಲಪಿಸುವುದು ಇನ್ನೊಂದು. ನೋಡುವುದಕ್ಕೆ ಇವೆರಡೂ ಒಂದೇ ಕೆಲಸದಂತೆ ತೋರಿದರೂ ಪರಿಣಾಮದಲ್ಲಿ ಬಹಳ ಅಂತರವಿದೆ. 2004ರ ಡಿಸೆಂಬರಿನಲ್ಲಿ ಸುನಾಮಿಯು ತಮಿಳುನಾಡಿನ ತೀರವನ್ನು ಹೊಡೆದಾಗ ದೇಶದ ನಾನಾ ಕಡೆಗಳಿಂದ ಹಳೆಯ ಬಟ್ಟೆಗಳು ಬಂದು ಬಿದ್ದವು. ಅವುಗಳಲ್ಲಿ ಬಹುಪಾಲು ಆ ಜನರು ತೊಡಲಾರದಂಥವು. ರಸ್ತೆಯ ಬದಿಗಳಲ್ಲಿ ಅವು ರಾಶಿರಾಶಿಯಾಗಿ ಬಿದ್ದುಕೊಂಡವು. 1999ರಲ್ಲಿ ಅಂಶು ಗುಪ್ತಾ ಅವರು ಸ್ಥಾಪಿಸಿದ ಗೂಂಜ್ ಎಂಬ ಸಂಸ್ಥೆಯು ಆ ರಾಶಿಗಳನ್ನು ವಿಂಗಡಿಸಿ ಉಪಯೋಗಕ್ಕೆ ತರುವ ಕೆಲಸವನ್ನು ಕೈಕೊಂಡಿತು. ಈ ಸಂಸ್ಥೆಯು ಹಳ್ಳಿಗಳಲ್ಲಿ ಜನರು ತಮ್ಮ ಊರಿಗಾಗಿ ಬಾವಿ, ದಾರಿ ಮೊದಲಾದವನ್ನು ತಾವೇ ದುಡಿದು ಮಾಡಿಕೊಂಡಾಗ, ಆ ದುಡಿಮೆಗೆ ಪ್ರತಿಫಲವಾಗಿ ಬಟ್ಟೆಗಳನ್ನು ಕೊಡುತ್ತದೆ. ಹಳೆಯ ಹತ್ತಿಬಟ್ಟೆಗಳಿಂದ ಸ್ತ್ರೀಯರ ತಿಂಗಳ ದಿನಗಳಿಗೆ ಬೇಕಾದ ಶುಚಿಯಾದ ಪಟ್ಟಿಗಳನ್ನು ಸಿದ್ಧಪಡಿಸುತ್ತದೆ. ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಪಡೆಯುವವರ ಮಾನವನ್ನು ಕಾಯದ ದಾನವು ದಾನವಲ್ಲವೆಂಬುದೇ ಆ ಕಾರ್ಯದ ಪಾಠ.

ಮನೆಯ ಮಟ್ಟದಲ್ಲಿ ಈ ಪಾಠವನ್ನು ಹೀಗೆ ಆಚರಿಸಬಹುದು. ಕೊಡುವ ಬಟ್ಟೆಯನ್ನು ಒಗೆದು, ಇಸ್ತ್ರಿಮಾಡಿ, ಬಿದ್ದ ಗುಂಡಿಯನ್ನು ಹಚ್ಚಿ ಕೊಡಬೇಕು. ಸೀರೆಯೊಡನೆ ಅದರ ಲಂಗವನ್ನೂ ಸೇರಿಸಿದರೆ ಒಳ್ಳೆಯದು. ಮನೆಗೆಲಸಕ್ಕೆ ಬರುವಾಕೆಗೆ ಕೊಡುವುದಾದರೆ ನಾಲ್ಕನ್ನು ಮುಂದಿಟ್ಟು "ನಿಮಗೆ ಯಾವುದು ಮನಸ್ಸಿಗೆ ಬರುವುದೋ ನೋಡಿಕೊಳ್ಳಿರಮ್ಮಾ" ಎಂದು ಕೇಳಬೇಕು. ಬೇಡವೆನ್ನಲು ಆಕೆಗೂ ಅವಕಾಶವಿರಬೇಕು. ಸಂಬಳಕ್ಕೆ ಬದಲಾಗಿ ಬಟ್ಟೆ ಕೊಡತಕ್ಕದ್ದಲ್ಲ. ನಮ್ಮ ಸೋದರಿಗೆ ಕೊಡಲು ನಾಚುವಂಥ ಬಟ್ಟೆಯು ಮತ್ತೊಬ್ಬರಿಗೆ ಕೊಡಲೂ ತಕ್ಕದ್ದಲ್ಲ. ಅದರ ಸ್ಥಾನವು ಚಿಂದಿಯ ರಾಶಿಯಲ್ಲಿ.

ಶಾಲೆಯ ಸಮವಸ್ತ್ರಕ್ಕೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಬೆಳೆಯುವ ಹುಡುಗಿಗೆ ಒಂದು ವರ್ಷದ ಲಂಗವು ಮರುವರ್ಷಕ್ಕೆ ಗಿಡ್ಡವಾಗುವುದು, ಬಟ್ಟೆ ಮಾತ್ರ ಗಟ್ಟಿಯಾಗಿರುವುದು. ಅಂಚಿನ ಮಡಿಕೆಯನ್ನು ಬಿಡಿಸಿ ಒಂದು ವರ್ಷ ದಾಟಿಸಬಹುದು. ಅದಾದ ಮೇಲೆ ಏಪ್ರಿಲಿನಲ್ಲಿಯೇ, ಪರೀಕ್ಷೆಗಳು ಮುಗಿದೊಡನೆ, ಅದನ್ನು ಶುಚಿಮಾಡಿ ಕೆಳಗಿನ ತರಗತಿಯ ಮಗುವಿಗೆ ಮುಟ್ಟಿಸಬೇಕು. ಶಾಲೆ ತೆರೆಯುವ ಹೊತ್ತಿಗೆ ಆ ಮನೆಯವರು ಸಾಲಮಾಡಿ ಹೊಸದನ್ನು ಹೊಲಿಸಿದ ಮೇಲೆ ಕೊಟ್ಟರೆ ಅದರಿಂದ ಪ್ರಯೋಜನವೇನು? ಯಾರ ಮಗಳ ಲಂಗವನ್ನು ಯಾರ ಮಗಳು ತೊಟ್ಟಿರುವಳೆಂಬುದು ಇತರ ಮಕ್ಕಳಿಗೆ ತಿಳಿಯದಂತೆ ನೋಡಿಕೊಳ್ಳುವುದು ಕೊಡುವವರ ಕರ್ತವ್ಯ.

ಬೀದಿಯಲ್ಲಿ ಹಳೆಯ ಬಟ್ಟೆಗೆ ಪಾತ್ರೆ ಕೊಡುವವರು ಬಂದಾಗಲೂ ವಿವೇಚನೆ ಬೇಕು. ಅವರ ವ್ಯಾಪಾರದಿಂದ ಎಷ್ಟೋ ಬಟ್ಟೆಗಳು ಮರುಬಳಕೆಗೆ ಹೋಗುವುವು, ಅದು ಒಳ್ಳೆಯದೇ. ಆದರೆ ಹಳೆಯ ಜರಿಸೀರೆಯನ್ನು ಮಾರುವ ಮುಂಚೆ ಅದರ ಜರಿಯು ಬೆಳ್ಳಿಯದೋ, ಈಗ ವಿಶೇಷವಾಗಿ ಬಳಕೆಯಲ್ಲಿರುವ ತಾಮ್ರದ ಅಥವಾ ಪ್ಲಾಸ್ಟಿಕ್ಕಿನ ಎಳೆಯದೋ ಎಂಬುದನ್ನು ತಿಳಿದವರಲ್ಲಿ ಪರೀಕ್ಷೆಮಾಡಿಸಬೇಕು.

ಚಿಂದಿಯ ಗತಿ

ಕೊಡಲಾಗದ ಬಟ್ಟೆಗೂ ಗತಿಯುಂಟು. ಆದರೆ ಅದು ಯಾವ ನೂಲಿನದೆಂದು ಮೊದಲು ತಿಳಿಯಬೇಕು. ಅಂಚಿನಿಂದ ನಾಲ್ಕೆಳೆ ದಾರವನ್ನು ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲನ್ನು ಹತ್ತಿರವಿಟ್ಟುಕೊಂಡು ದೀಪಕ್ಕೆ ಒಡ್ಡಿದರೆ ಅದರ ಸ್ವಭಾವ ಗೊತ್ತಾಗುವುದು. ಹತ್ತಿಯು ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುವುದು. ರೇಷ್ಮೆಯೂ ಉಣ್ಣೆಯೂ ಕೂದಲು ಸುಟ್ಟ ವಾಸನೆಯನ್ನು ಕೊಟ್ಟು, ಬೆರಳಿನಲ್ಲಿ ಪುಡಿಯಾಗುವ ಕರಿಯ ಉಂಡೆಯನ್ನು ಉಳಿಸುವುವು. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿಯಾದ ಮಣಿಯಾಗುವುದು. ಈ ಪರೀಕ್ಷೆಯನ್ನು ಮಕ್ಕಳು ಹಿರಿಯರ ಸಮ್ಮುಖದಲ್ಲಿ ಮಾತ್ರ ಮಾಡಬೇಕು.

ಹತ್ತಿಯ ಚಿಂದಿಯು ನೀರನ್ನು ಹೀರುವುದರಿಂದ ಒರೆಸುವ ಬಟ್ಟೆಗೂ ಕೌದಿಯ ಒಳಪದರಕ್ಕೂ ಆಗುವುದು. ಕಡೆಗೆ ಮಣ್ಣಿನಲ್ಲಿ ಕೊಳೆತು ಮಣ್ಣಾಗುವುದು. ಪಾಲಿಯೆಸ್ಟರ್ ನೀರನ್ನು ಹೀರದು, ಬೇಗನೆ ಕೊಳೆಯದು; ಅದರ ಚೀಲಗಳನ್ನು ಹೊಲಿಯಬಹುದು. ಹಳೆಯ ಉಣ್ಣೆಗಂತೂ ಹರಿಯಾಣದ ಪಾಣಿಪತ್ತಿನಲ್ಲಿ ದೊಡ್ಡ ಉದ್ಯಮವೇ ಇದೆ. ಅಲ್ಲಿ ದೇಶವಿದೇಶಗಳ ಹಳೆಯ ಉಣ್ಣೆಯುಡುಪುಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ, ಚಿಂದಿಮಾಡಿ, ಪುನಃ ನೂಲು ತೆಗೆದು ಕಂಬಳಿಗಳನ್ನು ನೇಯುವರು. ಯಾವುದಕ್ಕೂ ಬಾರದ ಬಟ್ಟೆಯನ್ನು ಮನೆಯಲ್ಲಿ ಸುಡಬಾರದು. ಕೃತಕ ನೂಲಿನ ಹೊಗೆಯು ಶ್ವಾಸಕೋಶಕ್ಕೆ ಹಾನಿಕರ.

ಹಿರಿಯರ ಬೀರು

ಈ ಶೋಧನೆಯು ನಮ್ಮ ಬೀರಿಗೆ ಸಲ್ಲತಕ್ಕದ್ದು. ಅತ್ತೆಯವರ ಪೆಟ್ಟಿಗೆಯನ್ನಾಗಲಿ ತಾಯಿಯವರ ಟ್ರಂಕನ್ನಾಗಲಿ ಅವರಿಲ್ಲದಾಗ ತೆರೆದು ಬರಿದುಮಾಡುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ಕಣ್ಣಿಗೆ ಹರಕಾಗಿ ಕಾಣುವ ಅರಿವೆಯು ಅವರಿಗೆ ಕಳೆದುಹೋದ ಒಂದು ಕೂಸಿನ ಗುರುತಾಗಿರಬಹುದು. ಒಂದು ಮಧ್ಯಾಹ್ನ ಅವರ ಬಳಿ ಕುಳಿತು, "ಇದು ಯಾವಾಗಿನದು ಅತ್ತೇ?" ಎಂದು ಒಂದೊಂದನ್ನೇ ಕೇಳುತ್ತ ಹೋದರೆ, ಬೀರಿನ ಕೆಲಸ ನಿಧಾನವಾದೀತು, ಮನೆತನದ ಕಥೆ ಮಾತ್ರ ಪೂರ್ಣವಾಗಿ ಸಿಕ್ಕೀತು. ಕೇಳುವವರು ದೊರೆತಾಗ ಹಿರಿಯರು ತಾವಾಗಿಯೇ "ಇದನ್ನು ಅವಳಿಗೆ ಕೊಡು, ಅದು ಇವಳಿಗಿರಲಿ" ಎನ್ನುವುದುಂಟು.

ಹಿರಿಯರಾದವರಿಗೂ ಒಂದು ವಿಜ್ಞಾಪನೆಯಿದೆ. ಯಾವ ಸೀರೆ ಯಾರಿಗೆಂಬುದನ್ನು ಜೀವಂತವಾಗಿರುವಾಗಲೇ ಹೇಳಿ, ಸಾಧ್ಯವಾದರೆ ತಮ್ಮ ಕೈಯಿಂದಲೇ ಕೊಡುವುದು ಶ್ರೇಯಸ್ಕರ. ತಾಯಿಯ ಮರಣಾನಂತರ ಚಿನ್ನದ ವಿಷಯದಲ್ಲಿ ಮನಸ್ತಾಪವಿಲ್ಲದೆ ಒಪ್ಪಿಕೊಂಡ ಅಕ್ಕತಂಗಿಯರು ಒಂದು ಸೀರೆಯ ವಿಷಯದಲ್ಲಿ ಮಾತುಬಿಟ್ಟ ಉದಾಹರಣೆಗಳುಂಟು. ಹಾಗೆ ಕೊಟ್ಟ ಸೀರೆಯನ್ನು ಮಗಳು ಉಟ್ಟು ಬಂದಾಗ ನೋಡುವ ಭಾಗ್ಯವೂ ಕೊಟ್ಟವರಿಗೆ ದೊರೆಯುವುದು.

ಕಡೆಯ ಮಾತು

ಶೋಧನೆ ಮುಗಿದ ಬೀರಿನಲ್ಲಿ ಸ್ವಲ್ಪ ಜಾಗ ಬರಿದಾಗಿರಬೇಕು. ಕೈಯಾಡುವಷ್ಟು, ಗಾಳಿಯಾಡುವಷ್ಟು ಎಡೆಯಿದ್ದರೆ ಪ್ರತಿಯೊಂದು ಬಟ್ಟೆಯೂ ಕಣ್ಣಿಗೆ ಬೀಳುವುದು. ಕಣ್ಣಿಗೆ ಬಿದ್ದದ್ದೇ ಮೈಮೇಲೆ ಬರುವುದು. ಒಂದು ಹೊಸದು ಒಳಗೆ ಬಂದಾಗ ಒಂದು ಹಳೆಯದು ಹೊರಗೆ ಹೋಗಬೇಕೆಂಬ ನಿಯಮವನ್ನು ಮನೆಮಂದಿಯೆಲ್ಲ ಪಾಲಿಸಿದರೆ ಆ ಎಡೆಯು ಹಾಗೆಯೇ ಉಳಿಯುವುದು. ಹೊಸದನ್ನು ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ, ಇದಕ್ಕಾಗಿ ಯಾವುದನ್ನು ಬಿಟ್ಟುಕೊಡುವೆನು ಎಂದು ತಮ್ಮನ್ನು ತಾವು ಕೇಳಿಕೊಳ್ಳುವ ಅಭ್ಯಾಸವನ್ನು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಚಿಕ್ಕಂದಿನಲ್ಲಿಯೇ ಕಲಿಸುವುದು ತಂದೆತಾಯಂದಿರ ಕೆಲಸ.

ಪ್ರಿಯ ಸೋದರಿಯರೇ, ವಸ್ತ್ರವು ನೂಲಿದವರ, ನೆಯ್ದವರ, ಹೊಲಿದವರ ಶ್ರಮದಿಂದ ಆದದ್ದು. ಉಟ್ಟು ಸವೆದರೆ ಆ ಶ್ರಮ ಸಾರ್ಥಕವಾಯಿತು. ಇಟ್ಟು ಕೆಟ್ಟರೆ ವ್ಯರ್ಥವಾಯಿತು. ಈ ಬೇಸಗೆಯ ರಜೆಯಲ್ಲಿ ಒಂದು ದಿನವನ್ನು ನಿಮ್ಮ ಬೀರಿಗಾಗಿ ಮೀಸಲಿಡಿರಿ. ಉಡತಕ್ಕದ್ದನ್ನು ಉಡಿರಿ, ಕಾಪಾಡತಕ್ಕದ್ದನ್ನು ಹೆಸರು ಬರೆದು ಕಾಪಾಡಿರಿ. ಕೊಡತಕ್ಕದ್ದನ್ನು ಗಟ್ಟಿಯಾಗಿರುವಾಗಲೇ, ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಬಾರಿಸುವ ಮುಂಚೆಯೇ, ಬೇಕಾದವರಿಗೆ ಮುಟ್ಟಿಸಿರಿ.